ವಾಘಿನಾಕನ ಹುಳು

ಅರ್ಪೆನಿಕ್ ತುಮಾಸ್ಯಾನ್ ಯೆರೆವಾನ್ ನಗರದ ಕೀಟ ಸಂಸ್ಥೆಯಲ್ಲಿ ತನ್ನ ಮೂವತ್ತೈದು ವರ್ಷದ ಕೆಲಸದಲ್ಲಿ, ಗಿಡಕ್ಕೆ ಅಂಟಿ ರಸ ಹೀರುವ ನಾಲ್ಕು ಸಾವಿರಕ್ಕೂ ಹೆಚ್ಚು ಶಲ್ಕಕೀಟಗಳನ್ನು ಗಾಜಿನ ಸ್ಲೈಡಿಗೆ ಏರಿಸಿದ್ದಳು. ಹೊಸ ಜಾತಿ ಎಂದು ಹೆಸರಿಟ್ಟದ್ದು ಮಾತ್ರ ಒಂದೇ ಒಂದಕ್ಕೆ. ಆ ಹೆಸರು ಅವಳ ಅಣ್ಣನದು.

ಅಣ್ಣ ವಾಘಿನಾಕ್ ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟವನು. ಅರಾರತ್ ಬಯಲಿನ ಅಘದಷ್ತ್ ಎಂಬ ಹಳ್ಳಿಯ ಹೆಣ್ಣು ಶೋಘಾಕಾತಳನ್ನು ಮದುವೆಯಾಗಿ, ಅಲ್ಲೇ ಮನೆಯಳಿಯನಾಗಿ ನಿಂತು, ಸಾಮೂಹಿಕ ತೋಟದ ಲಾರಿ ಓಡಿಸುತ್ತಿದ್ದ. ಯೆರೆವಾನಿನಿಂದ ತಂಗಿ ಬಂದಾಗಲೆಲ್ಲ ಹುಳು ಹುಡುಕಲು ಅವಳನ್ನು ಲಾರಿಯಲ್ಲೇ ಕರೆದೊಯ್ಯುತ್ತಿದ್ದ. ಊರಿನ ಕೆಳಗಿನ ಉಪ್ಪುಬಯಲಿನಲ್ಲಿ, ಜೊಂಡುಹುಲ್ಲಿನ ಬೇರಿಗೆ ಅಂಟಿಕೊಂಡು ಬದುಕುವ ಕೆಂಪು ಹುಳು ಅವಳದು. ಹಿಂದಿನವರು ಅದನ್ನು ಅರೆದು ಬಣ್ಣ ತೆಗೆಯುತ್ತಿದ್ದರಂತೆ. ಅವಳಿಗೆ ಬೇಕಾಗಿದ್ದದ್ದು ಬಣ್ಣವಲ್ಲ, ಅದರ ಮೀಸೆಯ ಗಿಣ್ಣುಗಳ ಲೆಕ್ಕ.

ಒಂದು ಬೇಸಗೆ ಊರಿನ ಮೇಲಿನ ಒಣ ಬೆಟ್ಟದಲ್ಲಿ ಚಹಾಕ್ಕೆ ಒಲೆ ಹೂಡಲು ವಾಘಿನಾಕ್ ಗುಂಡಿ ತೋಡಿದ. ಸಲಿಕೆಗೆ ಸಿಕ್ಕ ಹುಲ್ಲಿನ ಬೇರಿನ ತುಂಬ ಕೆಂಪು ಮಣಿಗಳು.

"ಇಲ್ನೋಡೇ, ನಿನ್ನ ಹುಳು ಬೆಟ್ಟ ಹತ್ತಿಬಿಟ್ಟಿದೆ," ಎಂದ.

"ಬಯಲಲ್ಲಿ ಬಿಟ್ಟರೆ ಅದು ಇನ್ನೆಲ್ಲೂ ಇರಲ್ಲ ಕಣೋ."

"ಹಾಗಂತ ಹುಳಕ್ಕೆ ಹೇಳು. ನನಗ್ಯಾಕೆ ಹೇಳ್ತೀಯ."

ಆ ಹುಳುಗಳು ಬಯಲಿನವಕ್ಕಿಂತ ಸಣ್ಣವು. ಬಯಲಿನ ಹುಳುವಿನ ಮೀಸೆಗೆ ಹನ್ನೊಂದು ಗಿಣ್ಣು, ಇವಕ್ಕೆ ಹತ್ತು. ಹೊಟ್ಟೆಯ ಮೇಲೆ ಮೇಣ ಒಸರುವ ರಂಧ್ರಗಳು ಅಲ್ಲಿ ಆರು ಸಾಲು, ಇಲ್ಲಿ ನಾಲ್ಕೇ. ಅರ್ಪೆನಿಕ್ ಎರಡು ವರ್ಷ ಎಣಿಸಿದಳು. ಅಷ್ಟರಲ್ಲಿ ಒಂದು ಜನವರಿಯಲ್ಲಿ, ಸೆವಾನಿನ ದಾರಿಯಲ್ಲಿ ಲಾರಿ ಮಂಜುಗಡ್ಡೆಯ ಮೇಲೆ ಜಾರಿ ವಾಘಿನಾಕ್ ತೀರಿಕೊಂಡ. ಅವಳ ಬರಹ ಅಚ್ಚಾದಾಗ ಬೆಟ್ಟದ ಹುಳುವಿನ ಲ್ಯಾಟಿನ್ ಹೆಸರಿನ ಎರಡನೆಯ ಪದ 'ವಾಘಿನಾಕಿ' ಎಂದಾಗಿತ್ತು. ಶೋಘಾಕಾತ್ ಆ ಪುಟಕ್ಕೆ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ಗಂಡನ ಫೋಟೋದ ಪಕ್ಕ ತೂಗುಹಾಕಿದಳು. ಬಂದವರಿಗೆಲ್ಲ ಬೆರಳಿಟ್ಟು ತೋರಿಸುವಳು. ಓದಲು ಬಾರದ ಲಿಪಿಯಲ್ಲಿ ಅವಳು ಗುರುತಿಸಬಲ್ಲ ಪದ ಅದೊಂದೇ.

ಒಪ್ಪದವನು ಒಬ್ಬನಿದ್ದ. ದೂರದ ಎಸ್ಟೋನಿಯಾದ ತಾರ್ತುವಿನಲ್ಲಿ ಮ್ಯೂಸಿಯಮ್ಮಿನ ಕೀಟ ನೋಡಿಕೊಳ್ಳುತ್ತಿದ್ದ ಯುಹಾನ್ ಕಾಸ್ಕ್. ಯೆರೆವಾನೂ ತಾರ್ತುವೂ ಒಂದೇ ಆಡಳಿತದಲ್ಲಿದ್ದ ಆಗಿನ ಆ ದೊಡ್ಡ ದೇಶದಲ್ಲಿ ಈ ಕೆಂಪು ಹುಳುಗಳ ಕುಲವನ್ನು ಬಲ್ಲವರು ಅವರಿಬ್ಬರೇ. ಭೇಟಿಯಾದದ್ದು ಒಂದೇ ಸಲ, ಒಂದು ಸಭೆಯಲ್ಲಿ. ಅಲ್ಲಿಂದ ಮುಂದೆ ಬರೀ ಕಾಗದ.

"ಅರ್ಪೆನಿಕ್ ಮಿಹ್ರಾನೊವ್ನಾ," ಎಂದು ಅವಳ ಅಪ್ಪನ ಹೆಸರು ಸೇರಿಸಿ ಗೌರವದಿಂದ ಅವನು ಬರೆಯುತ್ತಿದ್ದ, "ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಬೆಟ್ಟಕ್ಕೆ ಹೋಗಿ ಕುಳ್ಳನಾದ ಅಂತ ಅವನ ಜಾತಿಯೇ ಬೇರೆ ಅನ್ನುತ್ತೀರಾ? ತಾಯಿ ಯಾರು ಅಂತ ತೋರಿಸಿ, ಆಮೇಲೆ ಮಾತಾಡೋಣ."

"ಅಷ್ಟು ದೂರ ಕೂತವರಿಗೆ ನಮ್ಮ ಬೆಟ್ಟವೂ ಸಣ್ಣದಾಗಿ ಕಾಣುತ್ತೆ," ಎಂದು ಅವಳು ಉತ್ತರಿಸುತ್ತಿದ್ದಳು. "ನಾಲ್ಕು ಸಾಲು, ಆರು ಸಾಲು. ಎಣಿಸೋಕೆ ಬರುತ್ತಲ್ಲ ನಿಮಗೆ?"

ವರ್ಷಕ್ಕೆ ಮೂರೋ ನಾಲ್ಕೋ ಕಾಗದ. ಹದಿನಾರು ವರ್ಷ ಹೀಗೇ ನಡೆಯಿತು. ಅರ್ಪೆನಿಕ್ ಮದುವೆಯಾಗಿರಲಿಲ್ಲ, ಅಪ್ಪ ಅಮ್ಮ ಹೋಗಿದ್ದರು. ಒಂದೊಂದು ಸಲ ವಾರಗಟ್ಟಲೆ ಅವಳು ಮನಸ್ಸಿಟ್ಟು ಆಡುತ್ತಿದ್ದ ಮಾತೆಂದರೆ ಕಾಸ್ಕನಿಗೆ ಏನು ಬರೆಯಬೇಕೆಂದು ತನ್ನೊಳಗೇ ಕಟ್ಟುತ್ತಿದ್ದ ಜಗಳದ ವಾಕ್ಯಗಳೇ.

ಆ ದೊಡ್ಡ ದೇಶ ಒಡೆದು, ತೊಂಬತ್ತೆರಡರ ಹೊತ್ತಿಗೆ ಸಂಸ್ಥೆಯ ನಾಲ್ಕನೆಯ ಮಹಡಿ ಖಾಲಿಯಾಯಿತು. ಹನ್ನೊಂದು ಜನರಲ್ಲಿ ಕೆಲವರು ರಷ್ಯಾಕ್ಕೆ ಹೋದರು, ಕೆಲವರು ಸಂತೆಯಲ್ಲಿ ಬಟ್ಟೆ ಮಾರಲು ಕೂತರು. ಕರೆಂಟು ದಿನಕ್ಕೆ ಒಂದು ಗಂಟೆ ಬಂದರೆ ಪುಣ್ಯ. ಅರ್ಪೆನಿಕ್ ಸೂಕ್ಷ್ಮದರ್ಶಕವನ್ನು ದಕ್ಷಿಣದ ಕಿಟಕಿಗೆ ಎಳೆದುಕೊಂಡು, ಅದರ ಹಳೆಯ ಕನ್ನಡಿಗೆ ಬಿಸಿಲು ಹಿಡಿದು, ಓವರ್‌ಕೋಟು ತೊಟ್ಟೇ ಕೆಲಸ ಮಾಡುತ್ತಿದ್ದಳು. ಕೆಳಗೆ ಬಾಗಿಲು ಕಾಯುವ ಮುದುಕನೊಬ್ಬನನ್ನು ಬಿಟ್ಟರೆ ಕಟ್ಟಡದಲ್ಲಿ ಕೆಮ್ಮುವವರೂ ಇರಲಿಲ್ಲ.

ಆ ಆಗಸ್ಟಿನಲ್ಲಿ, ಎರಡು ತಿಂಗಳು ತಡವಾಗಿ, ಕಾಸ್ಕನ ಕಾಗದ ಬಂತು. ಅಕ್ಷರ ನಡುಗಿತ್ತು. "ಇನ್ನು ಎಷ್ಟು ಜಗಳ ಬಾಕಿ ಇದೆಯೋ ಗೊತ್ತಿಲ್ಲ. ಒಂದು ಉಪಕಾರ ಮಾಡಿ. ಬಯಲಿನ ಒಂದೇ ತಾಯಿಯ ಮರಿಗಳನ್ನು ಅರ್ಧ ಬಯಲಿನ ಹುಲ್ಲಿಗೆ, ಅರ್ಧ ಬೆಟ್ಟದ ಹುಲ್ಲಿಗೆ ಬಿಡಿ. ಕುಂಡದಲ್ಲಿ ಸಾಕಿ. ಹದಿನಾರು ವರ್ಷದಿಂದ ಕೇಳುತ್ತಿದ್ದೇನೆ, ನೀವು ಪ್ರತಿಸಲ ಬೇರೆ ಮಾತು ತೆಗೆಯುತ್ತೀರಿ."

ಅದು ನಿಜ. ಅವಳು ಬೇರೆ ಮಾತು ತೆಗೆಯುತ್ತಲೇ ಬಂದಿದ್ದಳು. ಈ ಸಲ ತೆಗೆಯಲು ಬೇರೆ ಮಾತಿರಲಿಲ್ಲ; ಮಾಡಲು ಬೇರೆ ಕೆಲಸವೂ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಅವಳು ಅಘದಷ್ತಿಗೆ ಹೋದಳು. ಹೆಣ್ಣುಹುಳುಗಳು ವರ್ಷಕ್ಕೊಮ್ಮೆ, ಆ ಕೆಲವು ವಾರ ಮಾತ್ರ, ಬೆಳಗಿನ ತಂಪಿನಲ್ಲಿ ಮಣ್ಣಿನಿಂದ ಮೇಲೆ ಬರುತ್ತವೆ. ಬಿಸಿಲೇರುವಷ್ಟರಲ್ಲಿ ಮತ್ತೆ ಇಳಿದುಬಿಡುತ್ತವೆ. ಬಾಯಿಲ್ಲದ ಜೀವ. ಮೇಲೆ ಬಂದಮೇಲೆ ತಿನ್ನುವುದಿಲ್ಲ. ಗಂಡು ಸಿಕ್ಕರೆ ಕೂಡಿ, ಮಣ್ಣೊಳಗೆ ಹೋಗಿ, ಬಿಳಿ ಮೇಣದ ಅರಳೆಯಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ. ಅತ್ತಿಗೆ ನಾದಿನಿ ಇಬ್ಬರೂ ಉಪ್ಪಿನ ನೆಲದ ಮೇಲೆ ಮೊಣಕಾಲೂರಿ, ಗಂಡಿನ ಜೊತೆಗಿದ್ದ ಒಂದು ಕೊಬ್ಬಿದ ಹೆಣ್ಣನ್ನು ಆರಿಸಿದರು. ಅದನ್ನು ಮಣ್ಣು ತುಂಬಿದ ಗಾಜಿನ ನಳಿಕೆಯಲ್ಲಿಟ್ಟು ಶೋಘಾಕಾತಳ ನೆಲಮಾಳಿಗೆಗೆ ಸೇರಿಸಿದರು.

ಚಳಿ ಕಳೆದು ಏಪ್ರಿಲ್ ಬಂತು. ಕುಂಡಕ್ಕೆ ಹಾಕುವ ಮಣ್ಣಿನಲ್ಲಿ ಬೇರೆ ಹುಳು ಇರಬಾರದು. ಹಾಗಾಗಿ ಅರ್ಪೆನಿಕ್ ಅದನ್ನು ನೆಲದೊಳಗಿನ ತೊನಿರ್ ಒಲೆಯಲ್ಲಿ ಹುರಿಯಬೇಕೆಂದಳು.

"ಜನಕ್ಕೆ ಲವಾಶ್ ರೊಟ್ಟಿ ಸುಡೋಕೆ ಸೌದೆ ಇಲ್ಲ," ಎಂದಳು ಶೋಘಾಕಾತ್. "ನೀನು ಮಣ್ಣು ಸುಡ್ತೀನಿ ಅಂತೀಯಲ್ಲೇ."

"ಹನ್ನೆರಡೇ ಕುಂಡ ಅತ್ತಿಗೆ."

"ಪಕ್ಕದ ಮನೆಯವಳು ಬೇಲಿ ಮೇಲಿಂದ ನೋಡ್ತಿದ್ದಾಳೆ. ನಮ್ಮ ನಾದಿನಿ ಯೆರೆವಾನಲ್ಲಿ ಉಪವಾಸ ಬಿದ್ದು ಮಣ್ಣು ತಿನ್ನೋ ಹಾಗಾಗಿದ್ದಾಳೆ, ಅದಕ್ಕೇ ಹುರೀತಿದೀವಿ ಅಂತ ಹೇಳ್ಲಾ?"

"ಹೇಳು. ಉಪ್ಪು ಒಂದಿಷ್ಟು ಕೊಡ್ತಾಳೇನೋ."

ಶೋಘಾಕಾತ್ ನಕ್ಕಳು, ಸೌದೆ ತಂದು ಹಾಕಿದಳು. ಆರು ಕುಂಡಕ್ಕೆ ಬೀಜದಿಂದ ಎಬ್ಬಿಸಿದ್ದ ಬಯಲಿನ ಹುಲ್ಲು, ಆರಕ್ಕೆ ಬೆಟ್ಟದ ಹುಲ್ಲು ನೆಟ್ಟರು. ಧೂಳಿನ ಕಣದಷ್ಟಿದ್ದ ಮರಿಗಳನ್ನು ಅರ್ಪೆನಿಕ್ ಕುಂಚದ ತುದಿಯಲ್ಲಿ ಒಂದೊಂದಾಗಿ ಎತ್ತಿ ಬೇರಿನ ಬುಡಕ್ಕೆ ಬಿಟ್ಟಳು. ಪ್ರತಿ ಕುಂಡಕ್ಕೂ ತೆಳುಬಟ್ಟೆ ಕಟ್ಟಿದಳು. ಬಸ್ಸು ವಾರಕ್ಕೆರಡು ದಿನ ಓಡುತ್ತಿದ್ದುದರಿಂದ ಬೇಸಗೆಯಿಡೀ ನೀರು ಹಾಕಿದವಳು ಶೋಘಾಕಾತಳೇ. ತಾರ್ತುವಿನ ಹಟಮಾರಿ ಮುದುಕನ ಬಾಯಿ ಮುಚ್ಚಿಸುವ ಕೆಲಸ ಇದು ಎಂದು ಅವಳು ತಿಳಿದಿದ್ದಳು. ಹಾಗೆ ಹೇಳಿದವಳೂ ಅರ್ಪೆನಿಕಳೇ.

ಸೆಪ್ಟೆಂಬರ್ ಹದಿನೆಂಟಕ್ಕೆ ಕುಂಡಗಳ ಬಟ್ಟೆ ಬಿಚ್ಚಿದರು. ಬಯಲಿನ ಹುಲ್ಲಿನ ಕುಂಡಗಳಲ್ಲಿ ದಪ್ಪ ದ್ರಾಕ್ಷಿಯಂಥ ಹೆಣ್ಣುಗಳು ಎದ್ದಿದ್ದವು. ಬೆಟ್ಟದ ಹುಲ್ಲಿನ ಕುಂಡಗಳಲ್ಲಿ ಎದ್ದಿದ್ದವು ಸಣ್ಣವು. ಶೋಘಾಕಾತ್ ಒಂದು ಕುಂಡ ನೋಡಿದಳು, ಇನ್ನೊಂದು ನೋಡಿದಳು, ನೀರಿನ ಕೊಡ ಎತ್ತಿಕೊಂಡು ಒಳಗೆ ಹೋದಳು.

ಅರ್ಪೆನಿಕ್ ಎಲ್ಲವನ್ನೂ ಯೆರೆವಾನಿಗೆ ಒಯ್ದಳು. ಕ್ಷಾರದಲ್ಲಿ ಬೇಯಿಸಿ, ಒಳಗಿನದೆಲ್ಲ ಕರಗಿ ಬರೀ ತೊಗಲು ಉಳಿದಮೇಲೆ, ಅದಕ್ಕೆ ಗುಲಾಬಿ ಬಣ್ಣ ಹಿಡಿಸಿ ಗಾಜಿನ ಮೇಲೆ ಹರಡಿದಳು. ಬಯಲಿನ ಕುಂಡದವು: ಹನ್ನೊಂದು ಗಿಣ್ಣು, ಆರು ಸಾಲು. ಬೆಟ್ಟದ ಕುಂಡದವು: ಹತ್ತು ಗಿಣ್ಣು, ನಾಲ್ಕು ಸಾಲು. ಮೂರು ದಿನ ಎಣಿಸಿದಳು. ಇಪ್ಪತ್ತಾರು ಸ್ಲೈಡುಗಳಲ್ಲಿ ಒಂದೂ ತಪ್ಪಿ ನಡೆಯಲಿಲ್ಲ. ಒಂದೇ ತಾಯಿಯ ಹೊಟ್ಟೆಯಿಂದ ಎರಡು ಜಾತಿ ಹುಟ್ಟುವುದಿಲ್ಲ. ವಾಘಿನಾಕಿ ಎಂಬ ಹುಳುವೇ ಇರಲಿಲ್ಲ. ಬಡ ಹುಲ್ಲಿನ ಬೇರಿನಲ್ಲಿ ಬೆಳೆದ ಹಳೆಯ ಹುಳುವೇ ಅದು.

ಅವಳಿಗೆ ಆಶ್ಚರ್ಯವಾಗಲಿಲ್ಲ. ಬಹಳ ದಿನದಿಂದ ಬಾಗಿಲಾಚೆ ನಿಂತವರು ಒಳಗೆ ಬಂದು ಕೂತ ಹಾಗಾಯಿತು. ಅವತ್ತೇ ಕಾಸ್ಕನಿಗೆ ಬರೆದಳು: "ನೀವು ಗೆದ್ದಿರಿ. ಲೆಕ್ಕ ಜೊತೆಗಿದೆ. ಎಷ್ಟು ಬೇಕೋ ಅಷ್ಟು ಹಂಗಿಸಿ, ಆದರೆ ಬೇಗ ಬರೆಯಿರಿ." ಮಾಸ್ಕೋಗೆ ವಿಮಾನ ಹತ್ತುವವರೊಬ್ಬರ ಕೈಯಲ್ಲಿ ಕಾಗದ ಕೊಟ್ಟು, ಅಲ್ಲಿ ಡಬ್ಬಿಗೆ ಹಾಕಲು ಬೇಡಿಕೊಂಡಳು.

ಅಕ್ಟೋಬರ್ ಹೋಯಿತು, ನವೆಂಬರ್ ಹೋಯಿತು. ಅವನು ಏನೇನು ಹಂಗಿಸಬಹುದೆಂದು ಅವಳು ನೆನೆನೆನೆದು, ಅದಕ್ಕೆ ಉತ್ತರವನ್ನೂ ಸಿದ್ಧ ಮಾಡಿಟ್ಟಿದ್ದಳು. ಡಿಸೆಂಬರಿನಲ್ಲಿ ಒಂದು ದಪ್ಪ ಲಕೋಟೆ ಬಂತು. ಮೇಲಿನ ಕೈಬರಹ ಅವನದಲ್ಲ. ಮ್ಯೂಸಿಯಮ್ಮಿನ ಹೆಂಗಸೊಬ್ಬಳು ನಾಲ್ಕು ಸಾಲು ಬರೆದಿದ್ದಳು: ಯುಹಾನ್ ಕಾಸ್ಕ್ ಮಾರ್ಚ್ ತಿಂಗಳಲ್ಲೇ ತೀರಿಕೊಂಡರು, ಅವರ ಕೊನೆಯ ಪುಸ್ತಕವನ್ನು ನಿಮಗೆ ಕಳಿಸಬೇಕೆಂದು ಹೇಳಿದ್ದರು, ಅಂಚೆಯ ಅವ್ಯವಸ್ಥೆಯಿಂದ ತಡವಾಯಿತು, ಕ್ಷಮಿಸಿ.

ಪುಸ್ತಕ ಆ ಕುಲದ ಎಲ್ಲ ಜಾತಿಗಳ ಪಟ್ಟಿ. ಅರ್ಪೆನಿಕ್ ಕೈಗವಸು ಕಳಚಿ ಪುಟ ಮಗುಚಿದಳು. ವಾಘಿನಾಕಿ ಅಲ್ಲಿತ್ತು, ಸ್ವತಂತ್ರ ಜಾತಿಯಾಗಿ, ತನ್ನದೇ ಅಂಕೆಯೊಂದಿಗೆ. ಕೆಳಗೊಂದು ಟಿಪ್ಪಣಿ: "ಇದನ್ನು ನಾನು ಬಹುಕಾಲ ಒಪ್ಪಿರಲಿಲ್ಲ. ಆದರೆ ಆ ಬೆಟ್ಟವನ್ನು ಕಂಡವರು ಅವರು, ಕಾಣದವನು ನಾನು. ಅವರ ಕಣ್ಣನ್ನು ನಂಬುತ್ತೇನೆ."

ಅವಳು ಪುಸ್ತಕ ಹಿಡಿದೇ ಕಿಟಕಿಯ ಬಳಿ ಹೋದಳು. ಹೊರಗೆ ಯಾರೋ ಬೀದಿಯ ಮರದ ಕೊಂಬೆ ಕಡಿದು ಎಳೆದೊಯ್ಯುತ್ತಿದ್ದರು. ಅವಳ ಕಾಗದ ತಾರ್ತುವಿಗೆ ಮುಟ್ಟಿದ್ದರೂ ಅದನ್ನು ಓದಿ ಅರ್ಥ ಮಾಡಿಕೊಳ್ಳುವವರು ಅಲ್ಲಿ ಉಳಿದಿರಲಿಲ್ಲ. ಈಗ ಲೋಕದಲ್ಲಿ ವಾಘಿನಾಕಿಯನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಅಣ್ಣನ ಹೆಸರು ಭದ್ರವಾಗಿತ್ತು. ಅದು ಸುಳ್ಳೆಂದು ಬಲ್ಲವಳು ಅವಳೊಬ್ಬಳೇ, ಮತ್ತು ಅವಳು ಸುಮ್ಮನಿದ್ದರೆ ಸಾಕಾಗಿತ್ತು.

ಆ ಚಳಿಗಾಲ ಅವಳು ಸುಮ್ಮನಿದ್ದಳು. ಇಪ್ಪತ್ತಾರು ಸ್ಲೈಡುಗಳನ್ನು ಪೆಟ್ಟಿಗೆಯಲ್ಲಿಟ್ಟು ಅದರ ಮೇಲೆ ಇನ್ನೊಂದು ಪೆಟ್ಟಿಗೆ ಇಟ್ಟಳು. ಹೊಸ ವರ್ಷಕ್ಕೆ ಶೋಘಾಕಾತ್ ಎಂದಿನಂತೆ ಒಣ ಏಪ್ರಿಕಾಟ್ ಕಳಿಸಿದಳು; ಇವಳು ಎಂದಿನಂತೆ ತಿಂದಳು.

ಏಪ್ರಿಲ್ ಕೊನೆಯಲ್ಲಿ ಬೆಳೆರೋಗ ನೋಡುವ ಕಚೇರಿಯಿಂದ ಒಂದು ನಳಿಕೆ ಬಂತು. ಬೆಟ್ಟದೂರಿನ ಯಾರೋ ಹುಲ್ಲಿನ ಬೇರಿನಲ್ಲಿ ಕೆಂಪು ಕಾಳು ಕಂಡು ಹೆದರಿ, ಗೋಧಿಗೆ ಅಂಟುವ ಪೀಡೆ ಇರಬಹುದೆಂದು ಒಯ್ದು ಕೊಟ್ಟಿದ್ದರು. ಜೊತೆಗೊಂದು ಚೀಟಿ: ಇದು ಯಾವ ಕೀಟ? ದಯವಿಟ್ಟು ಹೆಸರು ಬರೆದು ಸಹಿ ಮಾಡಿ. ಅವಳ ಕೈಗೆ ಇಂಥ ಚೀಟಿ ನೂರಾರು ಬಂದಿದ್ದವು. ಅವಳು ಪೆನ್ನು ತೆಗೆದು ಅಭ್ಯಾಸಬಲದಿಂದ 'ವಾಘಿ' ಎಂದು ಬರೆದಳು. ಅಲ್ಲಿಗೆ ನಿಲ್ಲಿಸಿದಳು.

ಕೇಳಿದವರು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಅವರಿಗೆ ಯಾವ ಹೆಸರಾದರೂ ಒಂದೇ. ಆದರೆ ಕೇಳಿದ್ದು ನಿಜ, ನಂಬಿ ಕೇಳಿದ್ದು ನಿಜ. ಅವಳು ಬರೆದದ್ದನ್ನು ಹೊಡೆದುಹಾಕಿ, ಬಯಲಿನ ಹುಳುವಿನ ಹೆಸರು ಬರೆದು, ಬೆಳೆಗೆ ಭಯವಿಲ್ಲ ಎಂದು ಸೇರಿಸಿ, ಸಹಿ ಹಾಕಿದಳು. ಅದಾದ ಮೇಲೆ ಉಳಿದದ್ದನ್ನು ಬರೆಯದೆ ಇರುವುದು ಸಾಧ್ಯವಾಗಲಿಲ್ಲ. ಬರೆಯುವ ಮೊದಲು ಮಾತ್ರ ಅಘದಷ್ತಿಗೆ ಹೋಗಿಬರಬೇಕಿತ್ತು.

ಶೋಘಾಕಾತ್ ಅಂಗಳದಲ್ಲಿ ಕೋಳಿಗಳಿಗೆ ಕಾಳು ಹಾಕುತ್ತಿದ್ದಳು. ಅರ್ಪೆನಿಕ್ ಗೋಡೆಗೊರಗಿದ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದಳು. ಅತ್ತಿಗೆ ಕಾಳು ಚೆಲ್ಲುತ್ತಲೇ ಇದ್ದಳು.

"ಕೋಳಿ ಸಾಕಿದವಳು ಕಣೇ ನಾನು," ಎಂದಳು. "ಒಂದೇ ಕಾವಿನ ಮರಿ ಯಾವುದು ಅಂತ ನನಗೆ ಹೇಳಿಕೊಡ್ಬೇಕಾ? ಕುಂಡದ ಬಟ್ಟೆ ಬಿಚ್ಚಿದ ದಿನಾನೇ ಗೊತ್ತಾಯ್ತು ನಂಗೆ. ನೀನು ಬಾಯಿ ಬಿಡ್ಲಿಲ್ಲ. ಸರಿ, ಸುಮ್ಮನಿದ್ದುಬಿಡ್ತಾಳೆ ಅಂದ್ಕೊಂಡೆ."

"ಸುಮ್ಮನಿದ್ದೆ. ಆಗ್ಲಿಲ್ಲ."

"ಆ ಮುದುಕ ಏನಂದ?"

"ಸತ್ತುಹೋದ. ಸಾಯೋ ಮುಂಚೆ ನಾನು ಹೇಳಿದ್ದೇ ಸರಿ ಅಂತ ಬರೆದಿಟ್ಟು ಹೋದ."

ಶೋಘಾಕಾತ್ ಕಾಳಿನ ಬಟ್ಟಲು ಕೆಳಗಿಟ್ಟಳು. "ಹಾಗಾದ್ರೆ ಇನ್ನು ಕೇಳೋರು ಯಾರಿದಾರೆ?"

"ಯಾರೂ ಇಲ್ಲ."

"ಮತ್ತೆ?"

"ಯಾರೂ ಇಲ್ಲ ಅತ್ತಿಗೆ. ಅದಕ್ಕೇ ನಾನೇ ಹೇಳ್ಬೇಕು."

"ಅವನ ಹೆಸರು ಅಳಿಸ್ತೀಯಾ?"

"ಅಳಿಸೋಕೆ ಬರಲ್ಲ. ಹಳೇ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತೆ. ಯಾವಾಗ್ಲೂ."

"ಮನೆಯಳಿಯನ ಥರ," ಎಂದಳು ಶೋಘಾಕಾತ್. ನಗಲಿಲ್ಲ. "ಬದುಕಿದ್ದಾಗ ನಮ್ಮಪ್ಪನ ಮನೇಲಿ ಹಾಗಿದ್ದ. ಈಗ ಪುಸ್ತಕದಲ್ಲೂ ಹಾಗೇ ಇರ್ಲಿ ಅಂತೀಯ. ಇಪ್ಪತ್ತು ವರ್ಷದ ಹತ್ರ ಆಯ್ತು, ಊರವರ ಮುಂದೆ ನನಗೆ ಇದ್ದದ್ದು ಅದೊಂದು ಕಾಗದ. ಇಡೀ ಬೇಸಗೆ ನೀರು ಹೊತ್ತು ಹಾಕ್ದೆ ನಾನು. ಯಾವುದಕ್ಕೆ ಅಂತ ನನಗೆ ಹೇಳಿದ್ದೆ ನೀನು?"

ಅರ್ಪೆನಿಕ್ ಬಗ್ಗಿ ಕಾಳಿನ ಬಟ್ಟಲು ಎತ್ತಿ ಅವಳ ಕೈಗೆ ಕೊಡಹೋದಳು.

"ಬಸ್ಸಿಗೆ ಹೊತ್ತಾಯ್ತು ನಿಂಗೆ," ಎಂದಳು ಶೋಘಾಕಾತ್. ಬಸ್ಸಿಗೆ ಇನ್ನೂ ಎರಡು ಗಂಟೆಯಿತ್ತು. ಆ ಮನೆಯಿಂದ ಅರ್ಪೆನಿಕ್ ಬರಿಹೊಟ್ಟೆಯಲ್ಲಿ ಹೊರಟದ್ದು ಅದೇ ಮೊದಲು.

ಬರಹ ಮೂರು ಪುಟವಾಯಿತು. ಅಚ್ಚಾಗಲು ಹತ್ತು ತಿಂಗಳು ಹಿಡಿಯಿತು. ಯಾರೂ ಒಪ್ಪಲಿಲ್ಲ, ಯಾರೂ ಬಯ್ಯಲಿಲ್ಲ. ತಾರ್ತುವಿನಿಂದ ಒಂದು ಕಾರ್ಡು ಬಂತು: ತಲುಪಿತು, ಕಡತದಲ್ಲಿ ಇರಿಸಲಾಗಿದೆ. ಕಾಸ್ಕ್ ಇದ್ದಿದ್ದರೆ ಮೂರು ಪುಟದ ಬರಹಕ್ಕೆ ಒಂಬತ್ತು ಪುಟ ಬರೆಯುತ್ತಿದ್ದ. ತನ್ನನ್ನು ನಂಬಿದ ಒಂದೇ ಸಲ ಅವನು ತಪ್ಪಿದ ಎಂದು ಅವನಿಗೆ ಹೇಳುವುದು ಹೇಗೆಂದು ಅವಳು ಎಷ್ಟೋ ದಿನ ವಾಕ್ಯ ಕಟ್ಟಿದಳು. ಆಮೇಲೆ ಕಟ್ಟುವುದನ್ನು ಬಿಟ್ಟಳು. ಆ ಹೊಸ ವರ್ಷಕ್ಕೆ ಊರಿನಿಂದ ಏನೂ ಬರಲಿಲ್ಲ. ಅವಳೂ ಹೋಗಲಿಲ್ಲ.

ತೊಂಬತ್ತೈದರ ಮೇ ತಿಂಗಳ ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಯಾರೋ ಏದುಸಿರು ಬಿಡುತ್ತ ಹತ್ತುವುದು ಕೇಳಿಸಿತು. ಬಾಗಿಲಲ್ಲಿ ಶೋಘಾಕಾತ್ ನಿಂತಿದ್ದಳು, ಒಳ್ಳೆಯ ಕರಿ ಉಡುಪು ತೊಟ್ಟು, ಕೈಯಲ್ಲಿ ಚೀಲ ಹಿಡಿದು. ಈ ಕಟ್ಟಡಕ್ಕೆ ಅವಳು ಬಂದದ್ದು ಇದೇ ಮೊದಲ ಸಲ.

"ಕಣ್ಣಿನ ಡಾಕ್ಟರ ಹತ್ರ ಬಂದಿದ್ದೆ," ಎಂದಳು. ಮಹಡಿಯ ಉದ್ದಕ್ಕೂ ಇದ್ದ ಖಾಲಿ ಮೇಜುಗಳನ್ನು ನೋಡಿದಳು. "ಇಷ್ಟು ದೊಡ್ಡ ಜಾಗದಲ್ಲಿ ನೀನೊಬ್ಬಳೇನಾ?"

"ಕೆಳಗೆ ಕಾಯೋನಿದ್ದಾನೆ."

"ಅವನು ನಿದ್ದೆ ಮಾಡ್ತಿದ್ದಾನೆ." ಅವಳು ಕುರ್ಚಿ ಎಳೆದು ಕೂತು ಉಸಿರು ತಿರುಗಿಸಿಕೊಂಡಳು. "ಅವನು ಅಗೆದನಲ್ಲ, ಆ ಮೊದಲನೇ ಹುಳು. ಅದನ್ನ ಬಿಸಾಕಿದ್ಯಾ, ಇಟ್ಟಿದೀಯಾ?"

ಅರ್ಪೆನಿಕ್ ಬೀರುವಿನಿಂದ ಒಂದು ಸ್ಲೈಡು ತೆಗೆದು ಬಿಸಿಲಿಗೆ ಹಿಡಿದು ಸರಿಪಡಿಸಿದಳು. ಶೋಘಾಕಾತ್ ಕರವಸ್ತ್ರದಿಂದ ಕಣ್ಣೊರೆಸಿಕೊಂಡು ಬಗ್ಗಿದಳು. ಮೊದಲು ಅವಳಿಗೆ ತನ್ನ ರೆಪ್ಪೆಯೇ ಕಂಡಿತು. ಆಮೇಲೆ ತೆಳು ಗುಲಾಬಿ ಬಣ್ಣದ ಒಂದು ತೊಗಲು, ಅದರ ಮೇಲೆ ಹೂವಿನಂಥ ಸಣ್ಣ ಸಣ್ಣ ರಂಧ್ರಗಳು.

"ಇದನ್ನ ಅವನೇ ಮುಟ್ಟಿದ್ದಾ?"

"ಬೆರಳಲ್ಲಿ ಹಿಡಿದು ನನ್ನ ಅಂಗೈಗೆ ಹಾಕಿದ. ಇಲ್ಲಿ ಅಂಚಲ್ಲಿ ಬರೆದಿದೀನಿ ನೋಡು. ಜಾಗ, ದಿನ, ಅಗೆದವನ ಹೆಸರು. ಹುಳಕ್ಕೆ ಏನು ಹೆಸರಿಟ್ಟರೂ ಇದು ಬದಲಾಗಲ್ಲ. ಹೆಸರಿಡೋಕೆ ಆಧಾರವಾದ ಈ ಸ್ಲೈಡನ್ನ ಯಾರೂ ಬಿಸಾಕೋ ಹಾಗಿಲ್ಲ, ಅದು ನಿಯಮ."

ಶೋಘಾಕಾತ್ ಇನ್ನೊಮ್ಮೆ ಬಗ್ಗಿ ಬಹಳ ಹೊತ್ತು ನೋಡಿದಳು. ಅವಳ ಬೆನ್ನು ಸಣ್ಣದಾಗಿ ಅಲುಗುತ್ತಿತ್ತು. ಅರ್ಪೆನಿಕ್ ಕೈ ಚಾಚಿದವಳು ಮುಟ್ಟದೆ ಹಿಂತೆಗೆದಳು. ಅವಳಿಗೆ ಯಾರನ್ನಾದರೂ ಮುಟ್ಟಿ ಸಮಾಧಾನ ಮಾಡುವ ಅಭ್ಯಾಸ ತಪ್ಪಿಹೋಗಿತ್ತು.

"ನಿನ್ನ ಮೇಲಿನ ಸಿಟ್ಟು ಹೋಗಿಲ್ಲ," ಎಂದಳು ಶೋಘಾಕಾತ್, ಎದ್ದು ತಲೆಬಟ್ಟೆ ಬಿಗಿದುಕೊಳ್ಳುತ್ತ. "ಸೆಪ್ಟೆಂಬರಲ್ಲಿ ಬರ್ತೀಯಾ?"

"ಬರ್ಲಾ?"

"ಬಾ ಅಂತ ನಾನು ಕರೀಲಿಲ್ಲ. ಬರ್ತೀಯಾ ಅಂತ ಕೇಳ್ದೆ."

ಅರ್ಪೆನಿಕ್ ಅವಳನ್ನು ಬಸ್ಸಿನ ತನಕ ಕಳಿಸಿಬಂದಳು. ದಾರಿಯಲ್ಲಿ ಇಬ್ಬರೂ ಕಣ್ಣಿನ ಪೊರೆಯ ವಿಷಯ ಮಾತಾಡಿದರು.

ಸೆಪ್ಟೆಂಬರಿನಲ್ಲಿ ಅವಳು ಹೋದಳು. ಶೋಘಾಕಾತ್ ಮೊಸರಿನ ಸಾರು ಬಡಿಸಿದಳು, ಹಾಸಿಗೆ ಹಾಸಿಕೊಟ್ಟಳು. ಬೆಳಿಗ್ಗೆ ಬಯಲಿಗೆ ಮಾತ್ರ ಜೊತೆಗೆ ಬರಲಿಲ್ಲ, ಮಂಡಿ ನೋವೆಂದಳು. ಅರ್ಪೆನಿಕ್ ಒಬ್ಬಳೇ ಹೋಗಿ, ಉಪ್ಪಿನ ಬಿಳಿ ನೆಲದ ಮೇಲೆ ಎಂದಿನ ಅಳತೆಯ ಹಗ್ಗದ ಚೌಕ ಹಾಸಿ, ಮೊಣಕಾಲೂರಿ ಎಣಿಸಿದಳು. ಬಿಸಿಲೇರುವ ತನಕ ಆ ಚೌಕದೊಳಗೆ ನಲವತ್ತೊಂದು ಹೆಣ್ಣುಗಳು ಮೇಲೆ ಬಂದವು. ಕಳೆದ ಹತ್ತು ವರ್ಷದಲ್ಲಿ ಇಷ್ಟು ಬಂದದ್ದಿಲ್ಲ. ಅವಳು ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದುಕೊಂಡು, ಇದನ್ನು ಯಾರಿಗೆ ತಿಳಿಸಲಿ ಎಂದು ಒಂದು ಗಳಿಗೆ ಯೋಚಿಸಿ, ಹಗ್ಗ ಸುತ್ತಿಕೊಂಡು ಹಳ್ಳಿಯ ಕಡೆಗೆ ನಡೆದಳು.